ಕೀರ್ತಿಮಂದಿರದ ಬಾಗಿಲಲ್ಲಿ ಅಂಕಿಗಳು

ಅಮೆರಿಕ ಸಂಯುಕ್ತ ಸಂಸ್ಥಾನಗಳ ನ್ಯೂಯಾರ್ಕ್ ಪ್ರಾಂತದಲ್ಲಿ ಕೂಪರ್ಸ್‌ಟೌನ್ ಎಂಬ ಚಿಕ್ಕ ಊರಿದೆ. ಬೇಸ್‌ಬಾಲ್ ಆಟದ ಪ್ರಿಯರಿಗೆ ಇದು ಯಾತ್ರಾಸ್ಥಳವಿದ್ದಂತೆ. ಆ ಆಟದ ಮಹಾವೀರರ ಕಂಚಿನ ಫಲಕಗಳನ್ನು ಸಾಲಾಗಿ ನಿಲ್ಲಿಸಿರುವ 'ಹಾಲ್ ಆಫ್ ಫೇಮ್' ಎಂಬ ಕೀರ್ತಿಮಂದಿರವು ಇರುವುದು ಇಲ್ಲಿಯೇ. 1936ರಲ್ಲಿ ಮೊಟ್ಟಮೊದಲು ಐವರು ಆಟಗಾರರನ್ನು ಈ ಗೌರವಕ್ಕೆ ಆರಿಸಲಾಯಿತು. ಅವರಲ್ಲಿ ಟೈ ಕಾಬ್ ಎಂಬುವನು 226 ಮತಗಳಲ್ಲಿ 222ನ್ನು ಪಡೆದು ಅಗ್ರಸ್ಥಾನದಲ್ಲಿ ನಿಂತನು. ಮಂದಿರದ ಬಾಗಿಲು ಸಾರ್ವಜನಿಕರಿಗೆ ತೆರೆದದ್ದು 1939ರಲ್ಲಿ.

ಒಳಗೆ ಪ್ರವೇಶ ಪಡೆಯುವುದು ಸುಲಭವಲ್ಲ. ಆಟಗಾರನು ಕನಿಷ್ಠಪಕ್ಷ ಹತ್ತು ಋತುಗಳಲ್ಲಿ ಆಡಿರಬೇಕು; ನಿವೃತ್ತನಾಗಿ ಐದು ವರ್ಷಗಳು ಕಳೆದಿರಬೇಕು. ಆ ಮೇಲೆ, ಬೇಸ್‌ಬಾಲ್ ಬರಹಗಾರರ ಸಂಘದಲ್ಲಿ ಹತ್ತು ವರ್ಷ ಸದಸ್ಯರಾಗಿದ್ದ ಪತ್ರಕರ್ತರು ಮತ ನೀಡುತ್ತಾರೆ. ನೂರಕ್ಕೆ 75ರಷ್ಟು ಮತಗಳು ದೊರೆತರೆ ಮಾತ್ರ ಆಯ್ಕೆ. ಹತ್ತು ವರ್ಷಗಳೊಳಗೆ ಇದು ಸಾಧ್ಯವಾಗದಿದ್ದರೆ ಹೆಸರು ಪಟ್ಟಿಯಿಂದ ಬಿದ್ದುಹೋಗುತ್ತದೆ. ಅನಂತರ ಹಿರಿಯರ ಸಮಿತಿಯೊಂದು ಕರುಣೆ ತೋರಿದರೆ ಉಂಟು, ಇಲ್ಲವಾದರೆ ಇಲ್ಲ.

ಮತ ನೀಡುವವರ ಮುಂದಿರುವ ಮುಖ್ಯ ಸಾಕ್ಷ್ಯವೆಂದರೆ ಅಂಕಿಗಳು. ಒಬ್ಬನು ಮೂವತ್ತು ವರ್ಷಗಳ ಹಿಂದೆ ಆಡಿದ್ದರೆ ಇನ್ನೊಬ್ಬನು ನಿನ್ನೆ ಮೊನ್ನೆ ಆಡಿದವನು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕು. ಹಾಗಾದರೆ ಆ ತಕ್ಕಡಿಯ ಕಲ್ಲುಗಳು ಎಷ್ಟರಮಟ್ಟಿಗೆ ಸರಿಯಾಗಿವೆ? ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಯಾವುದೇ ಅಳತೆಯನ್ನು ಬರೆದುಕೊಳ್ಳುವ ಮೊದಲು ನಾವು ಕೇಳುವ ಪ್ರಶ್ನೆಯೂ ಇದೇ ಅಲ್ಲವೆ?

ಒಂದು ಸರಳ ಭಾಗಾಕಾರ

ಬೇಸ್‌ಬಾಲನ್ನು ಕಾಣದ ಓದುಗರಿಗಾಗಿ ಮೊದಲು ಎರಡು ಮಾತು. ನೆಲದ ಮೇಲೆ ಒಂದು ಚೌಕವನ್ನು ಕಲ್ಪಿಸಿಕೊಳ್ಳಿರಿ. ಅದರ ಒಂದು ಮೂಲೆಯಲ್ಲಿ ದಾಂಡಿಗನು ನಿಲ್ಲುತ್ತಾನೆ. ಉಳಿದ ಮೂರು ಮೂಲೆಗಳಿಗೆ 'ಬೇಸ್', ಅಂದರೆ ನೆಲೆ, ಎಂದು ಹೆಸರು. ಚೌಕದ ನಡುವಿನ ದಿಬ್ಬದಿಂದ ಎಸೆತಗಾರನು ಚೆಂಡನ್ನು ಎಸೆಯುತ್ತಾನೆ. ದಾಂಡಿಗನು ಅದನ್ನು ಹೊಡೆದು, ಔಟಾಗದೆ, ಒಂದು ನೆಲೆಯನ್ನಾದರೂ ಸೇರಿದರೆ ಅದು ಒಂದು 'ಹಿಟ್'. ನಾಲ್ಕು ಮೂಲೆಗಳನ್ನೂ ಸುತ್ತಿ ಬಂದರೆ ತಂಡಕ್ಕೆ ಒಂದು ಓಟ. ಚೆಂಡು ಬೇಲಿಯಾಚೆ ಹಾರಿಹೋದರೆ ಒಂದೇ ಹೊಡೆತದಿಂದ ನಾಲ್ಕೂ ಮೂಲೆಗಳನ್ನು ಸುತ್ತಬಹುದು. ಅದೇ 'ಹೋಮ್ ರನ್'. ಎಸೆತಗಾರನು ನಾಲ್ಕು ಸಲ ಗುರಿ ತಪ್ಪಿ ಎಸೆದು, ದಾಂಡಿಗನು ದಾಂಡು ಬೀಸದೆ ತಾಳ್ಮೆಯಿಂದಿದ್ದರೆ, ಹೊಡೆಯದೆಯೇ ಮೊದಲ ನೆಲೆಗೆ ನಡೆದುಹೋಗುವ ಹಕ್ಕು ಆತನಿಗೆ ದೊರೆಯುತ್ತದೆ. ಇದಕ್ಕೆ 'ವಾಕ್', ಅಂದರೆ ನಡಿಗೆ, ಎಂದು ಹೆಸರು.

ಹಿಟ್‌ಗಳ ಸಂಖ್ಯೆಯನ್ನು ಹೊಡೆಯುವ ಅವಕಾಶಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದೇ ದಾಂಡಿಗನ ಸರಾಸರಿ. ಕ್ರಿಕೆಟಿನಲ್ಲಿ ಓಟಗಳನ್ನು ಔಟಾದ ಸಲಗಳಿಂದ ಭಾಗಿಸುತ್ತೇವಷ್ಟೆ. ಇಲ್ಲಿಯ ಸರಾಸರಿ ಎಂದಿಗೂ ಒಂದನ್ನು ಮೀರುವುದಿಲ್ಲ. ಹತ್ತು ಅವಕಾಶಗಳಲ್ಲಿ ಮೂರು ಹಿಟ್ ಪಡೆದವನ ಸರಾಸರಿ 0.300; ಅವನು ಒಳ್ಳೆಯ ದಾಂಡಿಗನೆಂದು ಹೆಸರಾಗುತ್ತಾನೆ. ಈ ಲೆಕ್ಕದ ಪದ್ಧತಿಗೆ ತಳಹದಿ ಹಾಕಿದವರಲ್ಲಿ ಪ್ರಮುಖನು ಹೆನ್ರಿ ಚಾಡ್ವಿಕ್. ಇಂಗ್ಲೆಂಡಿನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಅಮೆರಿಕಕ್ಕೆ ಹೋದ ಈತನು ಮೊದಲು ಕ್ರಿಕೆಟ್ ಪಂದ್ಯಗಳ ವರದಿಗಾರನಾಗಿದ್ದನು. ನಡಿಗೆಯೆಂಬುದು ಎಸೆತಗಾರನ ತಪ್ಪೇ ಹೊರತು ದಾಂಡಿಗನ ಸಾಮರ್ಥ್ಯವಲ್ಲವೆಂದು ಆತನು ಭಾವಿಸಿದನು. ಆದ್ದರಿಂದ ನಡಿಗೆಯು ಸರಾಸರಿಯ ಲೆಕ್ಕದಿಂದ ಹೊರಗೇ ಉಳಿಯಿತು. ಈ ತೀರ್ಮಾನದ ಫಲವನ್ನು ನಾವು ಮುಂದೆ ಕಾಣಲಿದ್ದೇವೆ.

ಕಾಲವೆಂಬ ಅಳತೆಗೋಲು

1930ರಲ್ಲಿ ನ್ಯೂಯಾರ್ಕ್ ಜಯಂಟ್ಸ್ ತಂಡದ ಬಿಲ್ ಟೆರಿಯ ಸರಾಸರಿ 0.401. 1968ರಲ್ಲಿ ಬಾಸ್ಟನ್ ತಂಡದ ಕಾರ್ಲ್ ಯಾಸ್ಟ್ರೆಮ್ಸ್ಕಿಯ ಸರಾಸರಿ 0.301. ಇಬ್ಬರೂ ಆಯಾ ವರ್ಷ ತಮ್ಮ ತಮ್ಮ ಲೀಗಿನಲ್ಲಿ ಮೊದಲಿಗರು. ಮೇಲುನೋಟಕ್ಕೆ ಟೆರಿಯ ಮುಂದೆ ಯಾಸ್ಟ್ರೆಮ್ಸ್ಕಿಯು ಬಹಳ ಕೆಳಗಿರುವಂತೆ ತೋರುತ್ತದೆ.

ಆದರೆ ಇನ್ನೆರಡು ಅಂಕಿಗಳನ್ನು ಪಕ್ಕದಲ್ಲಿಟ್ಟು ನೋಡೋಣ. 1930ರಲ್ಲಿ ಟೆರಿ ಆಡಿದ ನ್ಯಾಷನಲ್ ಲೀಗಿನ ಎಲ್ಲ ದಾಂಡಿಗರ ಒಟ್ಟು ಸರಾಸರಿ 0.303. 1968ರಲ್ಲಿ ಅಮೆರಿಕನ್ ಲೀಗಿನ ಒಟ್ಟು ಸರಾಸರಿ 0.230. ಎಂದರೆ, 1930ರ ಸಾಧಾರಣ ದಾಂಡಿಗನೇ 1968ರ ಅಗ್ರಗಣ್ಯನಿಗಿಂತ ಮೇಲಿನ ಸರಾಸರಿಯನ್ನು ಪಡೆದಿದ್ದನು! ಮನುಷ್ಯರ ಸಾಮರ್ಥ್ಯವು ಮೂವತ್ತೆಂಟು ವರ್ಷಗಳಲ್ಲಿ ಇಷ್ಟು ಕುಗ್ಗಿತೆಂದು ಯಾರೂ ಹೇಳಲಾರರು. ಬದಲಾದದ್ದು ಆಟದ ಪರಿಸ್ಥಿತಿ. 1960ರ ದಶಕದಲ್ಲಿ ಎಸೆತಗಾರನು ಗುರಿಯಿಡಬಹುದಾದ ಕ್ಷೇತ್ರವನ್ನು ಹಿಗ್ಗಿಸಿದ್ದರು; ಅವನು ನಿಲ್ಲುವ ದಿಬ್ಬದ ಎತ್ತರ 15 ಅಂಗುಲ. ದಾಂಡಿಗರು ಹೀಗೆ ಕಂಗೆಟ್ಟುದನ್ನು ಕಂಡು, 1969ರಿಂದ ದಿಬ್ಬವನ್ನು 10 ಅಂಗುಲಕ್ಕೆ ಇಳಿಸಿ ಗುರಿಯ ಕ್ಷೇತ್ರವನ್ನು ಕಿರಿದುಗೊಳಿಸಿದರು.

ಈಗ ಆಟಗಾರನ ಸರಾಸರಿಯನ್ನು ಅವನ ಲೀಗಿನ ಸರಾಸರಿಯಿಂದ ಭಾಗಿಸಿ ನೋಡಿರಿ. ಟೆರಿಗೆ 0.401ನ್ನು 0.303ರಿಂದ ಭಾಗಿಸಿದರೆ 1.32, ಯಾಸ್ಟ್ರೆಮ್ಸ್ಕಿಗೆ 0.301ನ್ನು 0.230ರಿಂದ ಭಾಗಿಸಿದರೆ 1.31. ಬೆಟ್ಟ ಕಣಿವೆಗಳಂತೆ ಕಂಡ ಎರಡು ಅಂಕಿಗಳು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದು ನಿಂತವು. ಇಬ್ಬರ ಫಲಕಗಳೂ ಇಂದು ಕೂಪರ್ಸ್‌ಟೌನಿನಲ್ಲಿವೆ.

ಗುಂಪಿನಿಂದ ಎಷ್ಟು ದೂರ?

ಸಂಖ್ಯಾಶಾಸ್ತ್ರವನ್ನು ಓದುತ್ತಿರುವ ಕಾಲೇಜು ವಿದ್ಯಾರ್ಥಿಗಳು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಸರಾಸರಿಯೊಂದೇ ಸಾಲದು, ಆಟಗಾರರ ಅಂಕಿಗಳು ಆ ಸರಾಸರಿಯ ಸುತ್ತ ಎಷ್ಟು ಹರಡಿವೆಯೆಂಬುದೂ ಮುಖ್ಯ. ಈ ಹರವಿನ ಅಳತೆಯೇ ಮಾನಕ ವಿಚಲನೆ. ಆಟಗಾರನು ಸರಾಸರಿಯಿಂದ ಎಷ್ಟು ಮಾನಕ ವಿಚಲನೆಗಳಷ್ಟು ಮೇಲಿದ್ದಾನೆಂದು ಲೆಕ್ಕ ಹಾಕುವುದು ಹೆಚ್ಚು ನ್ಯಾಯವಾದ ಕ್ರಮ.

ಮೂವರು ಪ್ರಸಿದ್ಧರನ್ನು ತೆಗೆದುಕೊಳ್ಳೋಣ. ಟೈ ಕಾಬ್ 1911ರಲ್ಲಿ 0.420, ಟೆಡ್ ವಿಲಿಯಮ್ಸ್ 1941ರಲ್ಲಿ 0.406, ಜಾರ್ಜ್ ಬ್ರೆಟ್ 1980ರಲ್ಲಿ 0.390. 1910ರ ದಶಕದಲ್ಲಿ ಆಟಗಾರರ ಸರಾಸರಿಗಳ ಮಧ್ಯಮಾನ 0.266, ಮಾನಕ ವಿಚಲನೆ 0.0371. 1940ರ ದಶಕದಲ್ಲಿ ಅವು 0.267 ಮತ್ತು 0.0326, 1970ರ ದಶಕದಲ್ಲಿ 0.261 ಮತ್ತು 0.0317. ಬ್ರೆಟ್ಟನಿಗೆ ಈ ಕೊನೆಯ ಜೊತೆಯನ್ನು ಹಿಡಿದು ಲೆಕ್ಕ ಮಾಡಿದರೆ, ಕಾಬನು ತನ್ನ ಗುಂಪಿಗಿಂತ 4.15 ವಿಚಲನೆಗಳಷ್ಟು, ವಿಲಿಯಮ್ಸನು 4.26ರಷ್ಟು, ಬ್ರೆಟ್ಟನು 4.07ರಷ್ಟು ಮೇಲೆ ನಿಲ್ಲುತ್ತಾರೆ. ಕಾಬನ 0.420ಕ್ಕಿಂತ ವಿಲಿಯಮ್ಸನ 0.406 ಹಿರಿದೆಂದಾಯಿತು.

ಹರವು ದಶಕದಿಂದ ದಶಕಕ್ಕೆ ಕಿರಿದಾಗುತ್ತ ಬಂದಿರುವುದನ್ನು ಗಮನಿಸಿರಿ. ಜೀವವಿಕಾಸದ ಅಧ್ಯಯನಕ್ಕೆ ಹೆಸರಾದ ಸ್ಟೀಫನ್ ಜೇ ಗೌಲ್ಡ್ ಎಂಬ ವಿಜ್ಞಾನಿಯು ಇದರಿಂದ ಒಂದು ಸೊಗಸಾದ ತರ್ಕವನ್ನು ಹೊರಡಿಸಿದನು. 1941ರ ಅನಂತರ ಈ ಎರಡು ಲೀಗುಗಳಲ್ಲಿ ಯಾರೂ 0.400ನ್ನು ಮುಟ್ಟಲಿಲ್ಲ. ಇದಕ್ಕೆ ಕಾರಣ ದಾಂಡಿಗರು ಕೆಟ್ಟದ್ದಲ್ಲ. ಎಲ್ಲರೂ ಒಟ್ಟಾಗಿ ಉತ್ತಮರಾದದ್ದು. ಆಟದ ಮಟ್ಟ ಏರಿದಂತೆ ದುರ್ಬಲರು ಹೊರಬೀಳುತ್ತಾರೆ, ಗುಂಪು ಒತ್ತಾಗುತ್ತದೆ. ಒತ್ತಾದ ಗುಂಪಿನಿಂದ ಒಬ್ಬನು ಬಹುದೂರ ಮೇಲೇಳುವುದು ಕಷ್ಟವಾಗುತ್ತದೆ.

ಅದೃಷ್ಟದ ಪಾಲು

ಒಂದು ನಾಣ್ಯವನ್ನು ನೂರು ಸಲ ಚಿಮ್ಮಿದರೆ ಪ್ರತಿಸಲವೂ ಸರಿಯಾಗಿ ಐವತ್ತು ರಾಜಮುಖಗಳು ಬೀಳುವುದಿಲ್ಲ. ದಾಂಡಿಗನ ಮಾತೂ ಹಾಗೆಯೇ. ಒಬ್ಬನ ನಿಜವಾದ ಸಾಮರ್ಥ್ಯವು 0.280 ಎಂದಿಟ್ಟುಕೊಳ್ಳಿರಿ. ಒಂದು ಋತುವಿನಲ್ಲಿ ಆತನಿಗೆ 500 ಅವಕಾಶಗಳು ದೊರೆತರೆ, ಸಂಭವ ಗಣಿತದ ಪ್ರಕಾರ ಕೇವಲ ಆಕಸ್ಮಿಕದಿಂದ ಆತನ ಸರಾಸರಿಯು ಸುಮಾರು 0.020ರಷ್ಟು ಅತ್ತಿತ್ತ ಸರಿಯಬಹುದು. ಇದು ಹತ್ತು ಹಿಟ್‌ಗಳ ವ್ಯತ್ಯಾಸ ಮಾತ್ರ. ಆರು ಋತುಗಳಲ್ಲಿ ಒಂದರಲ್ಲಿ ಆತನು 0.300ನ್ನು ಮುಟ್ಟಿ ಶಹಭಾಸ್ ಎನಿಸಿಕೊಳ್ಳುತ್ತಾನೆ, ಇನ್ನೊಂದರಲ್ಲಿ 0.260ಕ್ಕೆ ಇಳಿದು ನಿಂದೆಗೆ ಗುರಿಯಾಗುತ್ತಾನೆ. ಆತನು ಮಾತ್ರ ಅದೇ ಮನುಷ್ಯನು!

ಅವಕಾಶಗಳು ನಾಲ್ಕರಷ್ಟಾದರೆ ಈ ತೂಗಾಟವು ಅರ್ಧಕ್ಕಿಳಿಯುತ್ತದೆ. ಹತ್ತು ಸಾವಿರ ಅವಕಾಶಗಳ ಜೀವಮಾನದಲ್ಲಿ ಅದು 0.005ಕ್ಕಿಂತಲೂ ಕಡಿಮೆ. ಆದ್ದರಿಂದ ಒಂದು ಋತುವಿನ ಅಂಕಿಗಿಂತ ಇಡೀ ಜೀವಮಾನದ ಅಂಕಿಯು ಹೆಚ್ಚು ನಂಬತಕ್ಕದ್ದು. ಹತ್ತು ಋತುಗಳಾದರೂ ಆಡಿರಬೇಕೆಂಬ ನಿಯಮದ ಗುಣವೂ ಇದೇ.

ಲೆಕ್ಕಕ್ಕೆ ಬಾರದ ನಡಿಗೆ

ಈಗ ಚಾಡ್ವಿಕ್ಕನು ಹೊರಗಿಟ್ಟ ನಡಿಗೆಯ ಕಡೆಗೆ ಬರೋಣ. ಟೋನಿ ಗ್ವಿನ್ ಮತ್ತು ಟಿಮ್ ರೇನ್ಸ್ ಎಂಬ ಇಬ್ಬರು ಸಮಕಾಲೀನರಿದ್ದರು. ಗ್ವಿನ್ನನ ಜೀವಮಾನದ ಸರಾಸರಿ 0.338, ಹಿಟ್‌ಗಳು 3,141. ರೇನ್ಸನ ಸರಾಸರಿ 0.294, ಹಿಟ್‌ಗಳು 2,605. ಮೂರು ಸಾವಿರ ಹಿಟ್‌ಗಳ ಗಡಿಯನ್ನು ದಾಟಿದ ಗ್ವಿನ್ನನು 2007ರಲ್ಲಿ, ಮೊದಲ ವರ್ಷದಲ್ಲಿಯೇ, ನೂರಕ್ಕೆ 97.6ರಷ್ಟು ಮತಗಳಿಂದ ಆಯ್ಕೆಯಾದನು. ರೇನ್ಸನು ಹೊರಗೆ ಕಾದು ನಿಂತನು.

ಆದರೆ ದಾಂಡಿಗನ ಕೆಲಸವೇನು? ಔಟಾಗದೆ ನೆಲೆ ಸೇರುವುದು. ನೆಲೆ ಸೇರಿದವನು ಹೊಡೆದು ಸೇರಿದನೋ ನಡೆದು ಸೇರಿದನೋ, ಮುಂದಿನವನು ಚೆಂಡನ್ನು ಬೇಲಿಯಾಚೆ ಕಳುಹಿಸಿದಾಗ ಓಟವಂತೂ ಒಂದೇ. ರೇನ್ಸನಿಗೆ 1,330 ನಡಿಗೆಗಳು ದೊರೆತಿದ್ದವು, ಗ್ವಿನ್ನನಿಗೆ 790. ಎಸೆತವು ಮೈಗೆ ತಗುಲಿದ ಕಾರಣ ನೆಲೆ ಪಡೆದ ಸಂದರ್ಭಗಳನ್ನೂ ಕೂಡಿಸಿದರೆ, ಗ್ವಿನ್ನನು ನೆಲೆ ಸೇರಿದುದು ಒಟ್ಟು 3,955 ಸಲ. ರೇನ್ಸನು 3,977 ಸಲ. ದಾಂಡು ಹಿಡಿದು ನಿಂತ ಸಲಗಳಲ್ಲಿ ಇವು ಎಷ್ಟು ಪಾಲೆಂದು ಲೆಕ್ಕ ಮಾಡಿದರೆ ಗ್ವಿನ್ನನಿಗೆ 0.388, ರೇನ್ಸನಿಗೆ 0.385. ವ್ಯತ್ಯಾಸವು ಕೂದಲೆಳೆಯಷ್ಟು! ಇದರ ಮೇಲೆ ರೇನ್ಸನು 808 ನೆಲೆಗಳನ್ನು ಎದುರಾಳಿಯ ಕಣ್ಣು ತಪ್ಪಿಸಿ ಓಡಿ ಗಳಿಸಿದ್ದನು.

ಈ ಲೆಕ್ಕವನ್ನು ಬಲ್ಲವರು ಎಡೆಬಿಡದೆ ಬರೆದರು, ವಾದಿಸಿದರು. ಕೊನೆಗೆ 2017ರಲ್ಲಿ, ಆತನ ಹತ್ತನೆಯ ಹಾಗೂ ಕಡೆಯ ಅವಕಾಶದಲ್ಲಿ, ರೇನ್ಸನಿಗೆ ನೂರಕ್ಕೆ 86ರಷ್ಟು ಮತಗಳು ಬಂದವು. ಹತ್ತೊಂಬತ್ತನೆಯ ಶತಮಾನದಲ್ಲಿ ಒಬ್ಬ ವರದಿಗಾರನು ಮಾಡಿದ ಒಂದು ವಿಂಗಡಣೆಯು ಇಪ್ಪತ್ತೊಂದನೆಯ ಶತಮಾನದ ಆಟಗಾರನೊಬ್ಬನನ್ನು ಹೀಗೆ ಹತ್ತು ವರ್ಷ ಬಾಗಿಲಲ್ಲಿ ನಿಲ್ಲಿಸಿತ್ತು.

ಗಾಳಿಯ ಕೈವಾಡ

ಕಾಲದಂತೆ ಸ್ಥಳವೂ ಅಂಕಿಗಳನ್ನು ತಿದ್ದುತ್ತದೆ. ಕೊಲೊರಾಡೊ ಪ್ರಾಂತದ ಡೆನ್ವರ್ ನಗರವು ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ಅಲ್ಲಿಯ ಗಾಳಿಯ ಸಾಂದ್ರತೆಯು ಸಮುದ್ರಮಟ್ಟದಲ್ಲಿರುವುದಕ್ಕಿಂತ ನೂರಕ್ಕೆ 15ರಿಂದ 20ರಷ್ಟು ಕಡಿಮೆ. ಗಾಳಿ ತೆಳುವಾದರೆ ಹಾರುವ ಚೆಂಡಿಗೆ ತಡೆ ಕಡಿಮೆ. ಅದು ಹೆಚ್ಚು ದೂರ ಹೋಗುತ್ತದೆ. ಸುತ್ತುತ್ತ ಬರುವ ಚೆಂಡು ಗಾಳಿಯನ್ನು ಪಕ್ಕಕ್ಕೆ ತಳ್ಳಿ ಬಾಗುವುದೂ ಕಡಿಮೆಯಾಗುತ್ತದೆ. ಆದ್ದರಿಂದ ಎಸೆತಗಾರನ ಡೊಂಕು ಎಸೆತಗಳು ಮೊಂಡಾಗುತ್ತವೆ. ಎರಡೂ ದಾಂಡಿಗನಿಗೆ ಲಾಭ.

ಲ್ಯಾರಿ ವಾಕರ್ ಎಂಬಾತನು 1995ರಿಂದ ಹತ್ತು ಋತುಗಳನ್ನು ಡೆನ್ವರಿನ ತಂಡದಲ್ಲಿ ಕಳೆದನು. ಅಲ್ಲಿಯ ಕೂರ್ಸ್ ಫೀಲ್ಡ್ ಮೈದಾನದಲ್ಲಿ ಆತನ ಸರಾಸರಿ 0.381. ಇಡೀ ಜೀವಮಾನದಲ್ಲಿ ಪರಸ್ಥಳದ ಮೈದಾನಗಳಲ್ಲಿ ಆತನ ಸರಾಸರಿ 0.278. ಇದನ್ನು ಕಂಡ ಮತದಾರರು, ಈತನ ಕೀರ್ತಿಯು ಗಾಳಿಯದೇ ಹೊರತು ತೋಳಿನದಲ್ಲವೆಂದು ಮುಖ ತಿರುಗಿಸಿದರು. 2014ರಲ್ಲಿ ಆತನಿಗೆ ಬಂದ ಮತಗಳು ನೂರಕ್ಕೆ 10.2 ಮಾತ್ರ.

ಆದರೆ ಉಪಕರಣದಲ್ಲಿ ದೋಷವಿದ್ದರೆ ಭೌತವಿಜ್ಞಾನಿಯು ಅಳತೆಯನ್ನೇ ಬಿಸುಡುವುದಿಲ್ಲ. ದೋಷವನ್ನು ಕಳೆದು ಉಳಿದುದನ್ನು ನೋಡುತ್ತಾನೆ. ಇಂಥ ತಿದ್ದುಪಡಿಗಾಗಿ ಏರ್ಪಟ್ಟ ಒಂದು ಸೂಚ್ಯಂಕವಿದೆ. 'ಓಪಿಎಸ್ ಪ್ಲಸ್' ಎಂದು ಅದರ ಹೆಸರು. ನೆಲೆ ಸೇರುವ ಪ್ರಮಾಣವನ್ನೂ, ಹೋಮ್ ರನ್ನಿಗೆ ನಾಲ್ಕು, ಸಾಧಾರಣ ಹಿಟ್‌ಗೆ ಒಂದು ಎಂಬಂತೆ ಹೊಡೆತದ ಬಲವನ್ನು ಅಳೆಯುವ ಪ್ರಮಾಣವನ್ನೂ ಕೂಡಿಸಿ, ಕಾಲಕ್ಕೂ ಮೈದಾನಕ್ಕೂ ತಕ್ಕಂತೆ ಅದನ್ನು ತಿದ್ದುತ್ತಾರೆ. ಸಾಧಾರಣ ದಾಂಡಿಗನಿಗೆ 100. ಗಾಳಿಯ ಪಾಲನ್ನು ಹೀಗೆ ಕಳೆದ ಮೇಲೆಯೂ ವಾಕರನ ಅಂಕಿಯು 141! 2020ರಲ್ಲಿ, ಆತನಿಗೂ ಹತ್ತನೆಯ ಕೊನೆಯ ಅವಕಾಶವಾಗಿದ್ದ ವರ್ಷ, ನೂರಕ್ಕೆ 76.6ರಷ್ಟು ಮತಗಳು ಬಂದು ಬಾಗಿಲು ತೆರೆಯಿತು.

ಎತ್ತರವೋ, ಉದ್ದವೋ?

ಇನ್ನೊಂದು ತೊಡಕುಂಟು. ಕೆಲವು ವರ್ಷ ಪ್ರಜ್ವಲಿಸಿ ಆರಿದವನು ಮೇಲೋ, ಮಂದವಾಗಿಯಾದರೂ ಬಹುಕಾಲ ಉರಿದವನು ಮೇಲೋ? ಹೆರಾಲ್ಡ್ ಬೇನ್ಸ್ 22 ಋತುಗಳಲ್ಲಿ ಆಡಿ 2,866 ಹಿಟ್‌ಗಳನ್ನು ಕೂಡಿಹಾಕಿದನು. ಆತನ ಓಪಿಎಸ್ ಪ್ಲಸ್ 121. ಡಿಕ್ ಆಲನ್ 15 ಋತುಗಳಲ್ಲಿ 1,848 ಹಿಟ್‌ಗಳನ್ನು ಮಾತ್ರ ಪಡೆದನು; ಆದರೆ ಆತನ ಅಂಕಿ 156. ಮೊದಲನೆಯದು ರಾಶಿಯ ಲೆಕ್ಕ. ಎರಡನೆಯದು ಗುಣದ ಲೆಕ್ಕ.

ಜೇ ಜಾಫಿ ಎಂಬ ಬರಹಗಾರನು ಇವೆರಡನ್ನೂ ಹೊಂದಿಸುವ ಒಂದು ಉಪಾಯವನ್ನು ಹೂಡಿದನು. ಸುಲಭವಾಗಿ ದೊರೆಯುವ ಬದಲಿ ಆಟಗಾರನಿಗಿಂತ ಒಬ್ಬನು ತಂಡಕ್ಕೆ ಎಷ್ಟು ಹೆಚ್ಚಿನ ಗೆಲುವುಗಳನ್ನು ತಂದನೆಂದು ಮೊದಲು ಅಂದಾಜು ಮಾಡುತ್ತಾರೆ. ಇದರಲ್ಲಿ ಹೊಡೆತದೊಡನೆ ಚೆಂಡು ತಡೆಯುವ ಚಾತುರ್ಯವೂ ಸೇರುತ್ತದೆ. ಜೀವಮಾನದ ಒಟ್ಟು ಮೊತ್ತವನ್ನೂ ಅತ್ಯುತ್ತಮವಾದ ಏಳು ಋತುಗಳ ಮೊತ್ತವನ್ನೂ ಕೂಡಿಸಿ ಅರ್ಧ ಮಾಡಿದರೆ ಜಾಫಿಯ ಅಂಕಿ ದೊರೆಯುತ್ತದೆ. ಆ ಮೇಲೆ ಅದನ್ನು, ಅದೇ ಸ್ಥಾನದಲ್ಲಿ ಆಡಿ ಈಗಾಗಲೇ ಮಂದಿರವನ್ನು ಸೇರಿರುವವರ ಸರಾಸರಿಯೊಡನೆ ಹೋಲಿಸಬೇಕು.

ಬೇನ್ಸನನ್ನು ಪತ್ರಕರ್ತರು ಆರಿಸಲಿಲ್ಲವಾದರೂ 2018ರ ಡಿಸೆಂಬರಿನಲ್ಲಿ ಸಮಿತಿಯೊಂದು ಆರಿಸಿತು. ಆಲನ್ನನಿಗೆ ಸಮಿತಿಯಲ್ಲಿ ಬೇಕಾದದ್ದು 16ರಲ್ಲಿ 12 ಮತಗಳು. 2014ರಲ್ಲಿ ಬಂದವು 11. ಆತನು 2020ರ ಡಿಸೆಂಬರಿನಲ್ಲಿ ತೀರಿಕೊಂಡನು. 2021ರಲ್ಲಿ ಮತ್ತೆ 11. ಕಡೆಗೆ 2024ರ ಡಿಸೆಂಬರಿನಲ್ಲಿ ಆತನು ಆಯ್ಕೆಯಾದಾಗ ಆ ಸುದ್ದಿಯನ್ನು ಕೇಳಲು ಆತನೇ ಇರಲಿಲ್ಲ. ತಕ್ಕಡಿ ತಡವಾಗಿ ಸರಿಯಾದರೆ ಯಾರಿಗೆ ನಷ್ಟವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಬರೆದಿಡದ ಅಂಕಿಗಳು

ಎಲ್ಲ ತಿದ್ದುಪಡಿಗಳಿಗೂ ಮೀರಿದ ದೋಷವೊಂದಿದೆ. ಅಂಕಿಗಳು ಪುಸ್ತಕವನ್ನೇ ಸೇರದಿದ್ದರೆ ಏನು ಮಾಡುವುದು? 1947ರ ಏಪ್ರಿಲಿನಲ್ಲಿ ಜಾಕಿ ರಾಬಿನ್ಸನ್ ಬ್ರೂಕ್ಲಿನ್ ತಂಡದಲ್ಲಿ ಆಡುವವರೆಗೆ, ಇಪ್ಪತ್ತನೆಯ ಶತಮಾನದಲ್ಲಿ ಕಪ್ಪು ಜನಾಂಗದವರಿಗೆ ಆ ಲೀಗುಗಳಲ್ಲಿ ಪ್ರವೇಶವಿರಲಿಲ್ಲ. ಅವರು ತಮ್ಮವೇ ಆದ ನೀಗ್ರೋ ಲೀಗುಗಳಲ್ಲಿ ಆಡಿದರು. ಅವರಲ್ಲಿ ಜಾಷ್ ಗಿಬ್ಸನ್ ಎಂಬ ಮಹಾ ದಾಂಡಿಗನು ರಾಬಿನ್ಸನ್ ಆಡುವುದಕ್ಕೆ ಮೂರು ತಿಂಗಳ ಹಿಂದೆ, 35ನೆಯ ವಯಸ್ಸಿನಲ್ಲಿ, ಮೃತನಾದನು.

1966ರಲ್ಲಿ ಟೆಡ್ ವಿಲಿಯಮ್ಸನು ಕೀರ್ತಿಮಂದಿರವನ್ನು ಸೇರಿದ ದಿನ, ತನ್ನ ಭಾಷಣದಲ್ಲಿ ಗಿಬ್ಸನ್ನನ ಮತ್ತು ಸ್ಯಾಚೆಲ್ ಪೇಜ್ ಎಂಬ ಎಸೆತಗಾರನ ಹೆಸರನ್ನೆತ್ತಿ, ಅವಕಾಶ ದೊರೆಯದ ಅಂಥವರಿಗೂ ಇಲ್ಲಿ ಸ್ಥಾನ ಸಿಗಬೇಕೆಂದು ಹಾರೈಸಿದನು. ಪೇಜ್ 1971ರಲ್ಲಿಯೂ ಗಿಬ್ಸನ್ 1972ರಲ್ಲಿಯೂ ಆಯ್ಕೆಯಾದರು. ಸಂಶೋಧಕರು ಹಳೆಯ ಪತ್ರಿಕೆಗಳನ್ನು ಶೋಧಿಸಿ ಪಂದ್ಯಗಳ ಲೆಕ್ಕಗಳನ್ನು ಕಲೆಹಾಕಿದರು. 2024ರ ಮೇ ತಿಂಗಳಲ್ಲಿ ಈ ಅಂಕಿಗಳು ಅಧಿಕೃತ ದಾಖಲೆಯನ್ನು ಸೇರಿದವು. ಗಿಬ್ಸನ್ನನ ಜೀವಮಾನದ ಸರಾಸರಿ 0.372. ಬಹುಕಾಲ ಮೊದಲ ಸ್ಥಾನದಲ್ಲಿದ್ದ ಕಾಬನ 0.367 ಎರಡನೆಯ ಸ್ಥಾನಕ್ಕೆ ಸರಿಯಿತು. ಆ ಲೀಗುಗಳ ಋತುಗಳು ಚಿಕ್ಕವಾದುದರಿಂದ ಅದೃಷ್ಟದ ತೂಗಾಟವು ಅಲ್ಲಿ ಹೆಚ್ಚೆಂಬುದು ನಿಜ. ಆದರೆ ಋತುಗಳನ್ನು ಚಿಕ್ಕವಾಗಿಸಿದವನು ಗಿಬ್ಸನ್ ಅಲ್ಲವಷ್ಟೆ.

ಅಂಕಿಗಳು ಉತ್ತರಿಸಲಾರದ ಪ್ರಶ್ನೆಗಳೂ ಇವೆ. 762 ಹೋಮ್ ರನ್‌ಗಳ ಒಡೆಯನಾದ ಬ್ಯಾರಿ ಬಾಂಡ್ಸ್, ನಿಷಿದ್ಧ ಔಷಧಗಳನ್ನು ಬಳಸಿದನೆಂಬ ಆಪಾದನೆಯ ಕಾರಣದಿಂದ, 2022ರಲ್ಲಿ ಪತ್ರಕರ್ತರ ಕೊನೆಯ ಮತದಾನದಲ್ಲಿಯೂ ನೂರಕ್ಕೆ 66ರಲ್ಲಿಯೇ ನಿಂತನು. ಪ್ರಾಮಾಣಿಕತೆಯನ್ನೂ ಶೀಲವನ್ನೂ ನೋಡಬೇಕೆಂದು ಆಯ್ಕೆಯ ನಿಯಮವೇ ಹೇಳುತ್ತದೆ, ಅವುಗಳಿಗೆ ಭಾಗಾಕಾರವಿಲ್ಲ.

ಹಾಗೆಂದು ಅಂಕಿಗಳನ್ನು ತಳ್ಳಿಹಾಕುವುದು ಜಾಣತನವಲ್ಲ. ರೇನ್ಸನನ್ನು ಹೊರಗೆ ನಿಲ್ಲಿಸಿದ್ದೂ ಅಂಕಿಯೇ, ಒಳಗೆ ಕರೆತಂದದ್ದೂ ಅಂಕಿಯೇ. ಯಾವ ಅಂಕಿಯನ್ನು ಕಂಡರೂ ಮೂರು ಪ್ರಶ್ನೆಗಳನ್ನು ಕೇಳಬೇಕು: ಇದು ಯಾವ ಕಾಲದ್ದು, ಯಾವ ಸ್ಥಳದ್ದು, ಇದರಲ್ಲಿ ಎಣಿಸದೆ ಬಿಟ್ಟದ್ದು ಏನು? ನಮ್ಮ ವಿದ್ಯಾರ್ಥಿಮಿತ್ರರು ತಮ್ಮ ಮೆಚ್ಚಿನ ಕ್ರಿಕೆಟ್ ಆಟಗಾರನೊಬ್ಬನ ಸರಾಸರಿಯನ್ನು ತೆಗೆದುಕೊಂಡು, ಅದೇ ವರ್ಷಗಳಲ್ಲಿ ಆಡಿದ ಇತರರ ಸರಾಸರಿಯಿಂದ ಅದನ್ನು ಭಾಗಿಸಿ ನೋಡಲಿ. ಇದಕ್ಕೆ ಬೇಕಾದದ್ದು ಒಂದು ಕಾಗದ, ಒಂದು ಪೆನ್ಸಿಲ್, ಅರ್ಧ ಗಂಟೆಯ ಬಿಡುವು. ಬಂದ ಉತ್ತರವು ತಮ್ಮ ಮೆಚ್ಚಿಗೆಗೆ ವಿರುದ್ಧವಾಗಿದ್ದರೆ ಅದನ್ನು ಒಪ್ಪಿಕೊಳ್ಳುವಷ್ಟು ಧೈರ್ಯ.